ಸಾಣಿಗಿ ಯಾಕ ಸಾವಕಾಶ ನಡೀತಿತ್ತು

ಹೋದ ಸಲ ಮಳಿಗಾಲದಾಗ ಹಪ್ಪಳ-ಸಂಡಿಗಿ ಮೆತ್ತಗಾಗದಂಗ ಹೆಂಗ ಇಡೂದು ಅಂತ ಬರದಿದ್ದೆ. ಅದನ್ನ ಓದಿ ನಮ್ಮ ವೈನಿ ಫೋನ್ ಮಾಡಿ, "ಮುಂದಿನ ಸಲ ಸಾಣಿಗಿ ಬಗ್ಗೆ ಬರೀರಿ, ಹೊಸಾ ಸಾಣಿಗಿ ತಂದೇನಿ, ಹಿಟ್ಟು ಇಳೀವಲ್ದು" ಅಂದ್ರು. ಬರೀತೇನಿ ವೈನಿ. ಆದ್ರ ಈ ಸಲ ಬರಿಯೂದು ಹಿಟ್ಟಿನ ಸಾಣಿಗಿ ಅಲ್ಲ, ಅಂಕಿ ಸಾಣಿಸೂ ಸಾಣಿಗಿ. ನಗಬ್ಯಾಡ್ರಿ. ಪೂರಾ ಓದ್ರಿ, ಆಮ್ಯಾಲ ನಿಮ್ಮ ಹಿಟ್ಟು ಯಾಕ ಇಳೀವಲ್ದು ಅನ್ನೂದೂ ಗೊತ್ತಾಗಬಹುದು.

ಹೋದ ವರ್ಷ ಆಷಾಢದಾಗಿನ ಮಾತು. ನಮ್ಮ ಕಣಕುಂಬಿ ಮಳಿ ನಿಮಗ ಗೊತ್ತೈತಿ. ಮಲಪ್ರಭಾ ಹುಟ್ಟೂ ಊರು, ಮಳಿಗಾಲದಾಗ ಗ್ವಾಡಿನೂ ನೀರು ಬಿಡ್ತಾವ. ಒಂದು ಶುಕ್ರವಾರ ಸಂಜಿಮುಂದ ಮಗಳು ಬೆಳಗಾವಿಯಿಂದ ಜಾಂಬೋಟಿ ಮ್ಯಾಲ ಬರೂ ಬಸ್ಸಿಗೆ ಬಂದ್ಲು. ಕಾಲೇಜದಾಗ ಎಂ.ಎಸ್ಸಿ. ಕಂಪ್ಯೂಟರ್ ಓದ್ತಾಳ. ಬಂದಾಕಿನ ಚೀಲದಾಗಿನ ಲ್ಯಾಪ್‌ಟಾಪ್ ತಗದು, ಒದ್ದಿ ತಗಲಬಾರದು ಅಂತ ಕಾಟಿನ ಮ್ಯಾಲ ನಮ್ಮ ಅತ್ತಿ ಹೊಲದ ಕೌದಿ ಹಾಸಿ, ಅದರ ಮ್ಯಾಲ ಇಟ್ಟು ಚಾಲೂ ಮಾಡಿದ್ಲು. ಚಾ ಕುಡಿಲಿಲ್ಲ, ಊಟಕ್ಕ ಕರದ್ರ ಬರಲಿಲ್ಲ. ಪರದೆ ಮ್ಯಾಲ ಅಂಕಿ ಓಡೂದನ್ನ ನೋಡಕೋತ ಕೂತಳು.

ರಾತ್ರಿ ಹತ್ತಕ್ಕ ನಾ ಹೋಗಿ ಬಾಜೂಕ ಕೂತೆ. ಕಣ್ಣಾಗ ನೀರು.

"ಏನಾತ?" ಅಂದೆ.

"ಸೋಮವಾರ ಮುಂಜಾನೆ ಕೊಡಬೇಕು ಅವ್ವಾ. ನನ್ನ ಗೆಳತಿದು ಇಷ್ಟಽ ದೊಡ್ಡ ಅಂಕಿ, ಐದು ತಾಸಿನ್ಯಾಗ ಮುಗೀತು. ನಂದು ಮೂವತ್ತು ತಾಸಿನ ಮ್ಯಾಲ ಬೇಕಂತ ತೋರಸಾಕತ್ತೈತಿ. ಇಲ್ಲಿ ದಿನಕ್ಕ ನಾಕು ತಾಸು ಲೈಟ್ ಇದ್ರ ಪುಣ್ಯಾ. ಆಗೂದಿಲ್ಲ ಬಿಡು. ನಂದಽ ತಲಿ ಸಾವಕಾಶ. ಈ ವಿಷಯ ಬಿಟ್ಟು ಬ್ಯಾರೆ ತೊಗೋತೇನಿ, ಇಲ್ಲಾ ಓದೂದಽ ಬಿಡ್ತೇನಿ."

ಆಕಿ ಆ ಕಡೀ ಮಾತು ಅಂದಾಗ ನನ್ನ ಎದಿ ಧಸಕ್ಕಂತು. ನಮ್ಮ ಮನಿತನದಾಗ ಇಷ್ಟು ಓದಿದ ಹೆಣ್ಣುಮಗಳು ಈಕಿನ ಮೊದಲು. ಇವರ ಅಣ್ಣ ಮದಿವಿ ಮಾತು ತಗದು ಒಂದು ವರ್ಷ ಆಗಿತ್ತು, ನಾನಽ ಮುಂದ ಹಾಕ್ಕೋತ ಬಂದಿದ್ದೆ. ಈಗ ಮಗಳಽ ಬಿಡ್ತೇನಿ ಅಂದ್ರ ನಾ ಯಾರ ಜೋಡಿ ಜಗಳಾಡ್ಲಿ?

"ಬಿಡೂದು ಆಮ್ಯಾಲ ನೋಡೂಣು. ಮೊದಲು ಇದು ಏನು ಮಾಡ್ತೈತಿ ಅಂತ ನಂಗ ತಿಳಿಸಿ ಹೇಳು" ಅಂದೆ.

ಆಕಿ ಹೇಳಿದ್ದನ್ನ ನಿಮಗೂ ಹೇಳ್ತೇನಿ. ಅಡಗಿ ಮನ್ಯಾಗ ಕೂತು ತಿಳಕೊಳ್ಳಾಕ ಬರೂವಂಥಾದ್ದಽ ಐತಿ.

ಎರಡು ಅಂಕಿ ಕೊಟ್ಟು ಗುಣಸು ಅಂದ್ರ ಯಾರರೆ ಗುಣಸ್ತಾರ. 17ಕ್ಕ 71 ಗುಣಿಸಿದ್ರ 1207. ಆದ್ರ 1207 ಅಷ್ಟಽ ಕೊಟ್ಟು, ಇದು ಯಾವ ಎರಡರ ಗುಣಾಕಾರ ಅಂತ ಕೇಳಿದ್ರ? ಸಾಲ್ಯಾಗ ಇದಕ್ಕ ಅಪವರ್ತನ ಅಂತಿದ್ರು. 3 ಹೋಗ್ತೈತೇನು ನೋಡು, 7 ಹೋಗ್ತೈತೇನು ನೋಡು, 11, 13... ಹಿಂಗ ಹೋದ್ರ 17ಕ್ಕ ಸಿಗ್ತೈತಿ. ಆದ್ರ ಮಗಳಿಗೆ ಅವರ ಸರ್ ಕೊಟ್ಟಿದ್ದು ನೂರು ಅಂಕಿ ಉದ್ದದ್ದು. ಅದರ ಎರಡು ತುಂಡು ಒಂದೊಂದೂ ಐವತ್ತು ಅಂಕಿದ್ದು, ಎರಡೂ ಅವಿಭಾಜ್ಯ. ಒಂದೊಂದಽ ಭಾಗಿಸಿ ನೋಡಕೋತ ಹೋದ್ರ ಜಗತ್ತು ಮುಗದ್ರೂ ಮುಗಿಯೂದಿಲ್ಲ.

ಅದಕ್ಕ ಒಂದು ಉಪಾಯ ಐತಿ. ನನ್ನ ಹಾಲಿನ ಲೆಕ್ಕದ ವಹಿ ಹಿಂದಿನ ಹಾಳಿ ಮ್ಯಾಲ ಬರದು ತೋರಿಸಿದ್ಲು. 1207ರ ವರ್ಗಮೂಲ 34 ದಾಟಿ ಬರ್ತೈತಿ. ಅದಕ್ಕ 35ರಿಂದ ಶುರು ಮಾಡು.

35ರ ವರ್ಗ 1225. ಅದರಾಗ 1207 ತಗದ್ರ 18.
36ರ ವರ್ಗ 1296. ತಗದ್ರ 89.
37ರ ವರ್ಗ 1369. ತಗದ್ರ 162.

ಈಗ ಉಳದದ್ದನ್ನ ನೋಡ್ರಿ. 18 ಅಂದ್ರ 2, 3, 3. ಎಲ್ಲಾ ಸಣ್ಣ ಸಣ್ಣ ಅಂಕಿ, ಸಾಣಿಗಿ ಕಣ್ಣಾಗ ಇಳೀತಾವ. 162 ಅಂದ್ರ ಒಂದು 2, ನಾಕು 3. ಅದೂ ಇಳೀತೈತಿ. 89 ಮಾತ್ರ ಒಡಿಯೂದಿಲ್ಲ, ಅದು ಹಳ್ಳು, ಮ್ಯಾಲ ಉಳೀತೈತಿ. ಚಲ್ಲಿಬಿಡು. ಕೆಳಗ ಇಳದ ಎರಡನ್ನ ಗುಣಸು: 18ಕ್ಕ 162 ಅಂದ್ರ 2916. ಅದು 54ರ ವರ್ಗ, ಪೂರಾ ಜೋಡಿ ಜೋಡಿ ಕೂಡ್ತು. ಈ ಕಡೆ 35ಕ್ಕ 37 ಗುಣಿಸಿದ್ರ 1295, ಅದರಾಗ 1207 ತಗದ್ರ 88. ಈಗ 88ರಾಗ 54 ತಗದ್ರ 34, ಕೂಡಿಸಿದ್ರ 142. ಎರಡನೂ ಅರ್ಧಾ ಮಾಡ್ರಿ. 17, 71. ಬಂತಲ್ಲ!

ನಂಗ ಆ ರಾತ್ರ್ಯಾಗ ನಗು ಬಂತು, ಅಷ್ಟು ಛಂದ ಅನಿಸ್ತು. ಎಲ್ಲಾ ಅಂಕಿಗೂ ಇಷ್ಟು ಲಗೂ ಕೂಡೂದಿಲ್ಲ, ಭಾಳ ಕಾಳು ಜಮಾ ಮಾಡಬೇಕಾಗ್ತೈತಿ. ನೂರು ಅಂಕಿದ್ದಕ್ಕ ಇಂಥಾ ಇಳದ ಕಾಳು ಲಕ್ಷದ ಮ್ಯಾಲ ಬೇಕಂತ. ಅದಕ್ಕ ಕಂಪ್ಯೂಟರ್.

ಇದಕ್ಕ ಸಾಣಿಗಿ ಅಂತ ಹೆಸರು ಯಾಕ ಅಂದ್ರ, ಒಂದೊಂದು ಉಳಕಿನೂ ಹಿಡದು ಭಾಗಿಸಿ ನೋಡೂದಿಲ್ಲ. 1207ರ ಈ ಸಾಲಿನ್ಯಾಗ 36, 39, 42 ಹಿಂಗ ಮೂರಕ್ಕೊಂದು ಬಿಟ್ರ ಉಳದ ಎಲ್ಲಾ ಕಡೆ 3 ಭಾಗ ಹೋಗ್ತೈತಿ. 7 ಯಾವತ್ತೂ ಹೋಗೂದಽ ಇಲ್ಲ. ಪ್ರತಿ ಅವಿಭಾಜ್ಯಕ್ಕೂ ತಂದಽ ಆದ ಹೆಜ್ಜಿ ಐತಿ. ಸಂತಿ ಏಳು ದಿನಕ್ಕೊಮ್ಮೆ ಬರ್ತೈತಿ ಅಂತ ಗೊತ್ತಿದ್ರ, ದಿನಾ ಹೋಗಿ ಇವತ್ತು ಸಂತಿ ಐತೇನು ಅಂತ ಕೇಳ್ತೀವೇನು? ಕ್ಯಾಲೆಂಡರ್ ಮ್ಯಾಲ ಗುರ್ತು ಹಾಕ್ಕೋತ ಹೋಗ್ತೀವಿ. ಹಂಗಽ ಇದೂ ಗುರ್ತು ಹಾಕ್ಕೋತ ಹೋಗೂದು. ಯಾವ ಜಾಗಾದಾಗ ಭಾಳ ಗುರ್ತು ಬಿದ್ದಾವೋ ಅದು ಕಾಳು. ಈ ಪದ್ಧತಿ 1981ರಾಗ ಕಾರ್ಲ್ ಪೊಮರೆನ್ಸ್ ಅನ್ನೂ ಅಮೆರಿಕಾದ ಗಣಿತದವರು ಕಂಡುಹಿಡಿದದ್ದಂತ. ವರ್ಗದ ಸಾಣಿಗಿ ಅಂತ ಅನ್ನಬಹುದು.

"ಇದು ಯಾತಕ್ಕ ಬೇಕು?" ಅಂತ ನಮ್ಮ ಅತ್ತಿ ಒಳಗಿಂದ ಕೇಳಿದ್ರು. ಅವರು ಮಲಗಿದ್ರೂ ಕಿವಿ ಎಚ್ಚರ ಇರ್ತಾವ. ಬ್ಯಾಂಕಿನ ಕೀಲಿ ಇದರ ಮ್ಯಾಲ ನಿಂತೈತಿ ಅಂತ ಮೊಮ್ಮಗಳು ಹೇಳಿದ್ಲು. 1977ರಾಗ ರಿವೆಸ್ಟ್, ಶಮೀರ್, ಏಡಲ್‌ಮನ್ ಅಂತ ಮೂರು ಮಂದಿ ಗುಣಸೂದು ಸಸಾರ, ಒಡಿಯೂದು ತ್ರಾಸು ಅನ್ನೂದನ್ನ ಹಿಡದು ಕೀಲಿ ಮಾಡಿದ್ರು. 129 ಅಂಕಿದು ಒಂದು ಕೊಟ್ಟು, ಒಡದವರಿಗೆ 100 ಡಾಲರ್ ಇನಾಮು ಅಂದ್ರು. ಯಾರಿಗೂ ಆಗಲಿಲ್ಲ. 1994ರಾಗ ಸುಮಾರು 600 ಮಂದಿ ತಮ್ಮ ತಮ್ಮ ಕಂಪ್ಯೂಟರ್ ಹಚ್ಚಿ, ಎಂಟು ತಿಂಗಳು ಇದಽ ಸಾಣಿಗಿ ಆಡಿಸಿ ಒಡದ್ರು. ಒಳಗಿದ್ದ ಗುಟ್ಟು ಮಾತು ಏನಂದ್ರ, ಎಲುಬು ಮುರದು ತಿನ್ನೂ ಒಂದು ಹದ್ದಿನ ಹೆಸರು! ಅತ್ತಿ "ಅಷ್ಟಕ್ಕ ಎಂಟು ತಿಂಗಳಾ?" ಅಂದು ಮಗ್ಗಲಾದ್ರು. ಈಗ ಬ್ಯಾಂಕಿನ ಕೀಲಿ ಮಾಮೂಲಿ 617 ಅಂಕಿದ್ದು ಇರ್ತಾವ. 2020ರಾಗ 250 ಅಂಕಿದು ಒಂದು ಒಡದಾರ. ಅದಕ್ಕ ಹತ್ತಿದ ಕೆಲಸಾ ಒಂದಽ ಕೋರ್ ಮಾಡಿದ್ದರ ಸುಮಾರು 2,700 ವರ್ಷ ಬೇಕಿತ್ತು. ಅದಕ್ಕ ನಿಮ್ಮ ಖಾತೆ ಬಗ್ಗೆ ಮಗಳ ಪ್ರಾಜೆಕ್ಟಿನಿಂದ ಅಂಜಬ್ಯಾಡ್ರಿ. ನೂರು ಅಂಕಿದ್ದು ಸಣ್ಣದು. 1991ರಾಗ ಮೊದಲ ಸಲ ಅಷ್ಟುದ್ದದ ಇನಾಮಿನ ಅಂಕಿ ಒಡದಾಗ ದೊಡ್ಡ ಕಂಪ್ಯೂಟರಿಗೆ ಕೆಲವು ದಿನ ಹಿಡದಿತ್ತು, ಈಗ ಮನಿ ಕಂಪ್ಯೂಟರಿಗೂ ಕೆಲವು ತಾಸು ಸಾಕು. ಸಾಕಾಗಬೇಕಿತ್ತು. ನಮ್ಮನ್ಯಾಗ ಸಾಕಾಗಲಿಲ್ಲ.

ನಾ ಕೇಳಿದೆ, "ಹಾಸ್ಟೆಲ್‌ನ್ಯಾಗ ಹಚ್ಚಿ ನೋಡಿದ್ದೇನು?"

"ಅರ್ಧಾ ತಾಸು ಹಚ್ಚಿದ್ದೆ. ಅಲ್ಲಿ ಸೆಕೆಂಡಿಗೆ 110 ಕಾಳು ಬೀಳ್ತಿದ್ದು. ಬಸ್ಸಿಗೆ ಹೊತ್ತಾತಂತ ನಿಲ್ಲಿಸಿ ಬಂದೆ. ಇಲ್ಲಿ 17."

ಅಲ್ಲಿ ಒಂದು ಮಾತು ಸಿಕ್ತು ನೋಡ್ರಿ. ಅದಽ ಯಂತ್ರ, ಅದಽ ಅಂಕಿ, ಅದಽ ಹುಡುಗಿ. ಅಲ್ಲಿ 110, ಇಲ್ಲಿ 17. ಹಂಗಾದ್ರ ತಲಿ ಸಾವಕಾಶ ಹೆಂಗಾತು? ತಲಿ ಬಸ್ಸಿನ್ಯಾಗ ಬಿಟ್ಟು ಬಂದಾಳೇನು? ಇಲ್ಲಿ ಏನೋ ಬದಲಾಗೈತಿ. ಅದನ್ನ ಹುಡಕಬೇಕು ಅಷ್ಟ.

ನಾ ಒಂದು ಷರತ್ತು ಹಾಕಿದೆ. ಒಮ್ಮಿಗೆ ಒಂದಽ ಬದಲಿ ಮಾಡೂದು. ಮಾಡಿ ಹತ್ತು ಮಿನಿಟು ಬಿಡೂದು. ಅಂಕಿ ವಹಿಯೊಳಗ ಬರಿಯೂದು. ಆಮ್ಯಾಲ ಇನ್ನೊಂದು. ಸಾರಿಗೆ ರುಚಿ ಇಲ್ಲಂತ ಉಪ್ಪು, ಹುಳಿ, ಬೆಲ್ಲಾ ಎಲ್ಲಾ ಒಮ್ಮೆ ಹಾಕಿದ್ರ, ಯಾವುದು ಕಡಿಮಿ ಇತ್ತು ಅಂತ ಜಲ್ಮದಾಗ ತಿಳಿಯೂದಿಲ್ಲ. ಮಗಳು ಅದಕ್ಕ ಮೊದಲು ಎರಡು ತಾಸಿನ್ಯಾಗ ಐದಾರು ಕಡೆ ಕೈ ಹಾಕಿದ್ಲು, ಯಾವುದಕ್ಕ ಏನಾತು ಅಂತ ಆಕಿಗೂ ಗೊತ್ತಿರಲಿಲ್ಲ.

ಮೊದಲನೇದ್ದು ನನ್ನ ಕೈಗೆ ಸಿಕ್ತು. ಲ್ಯಾಪ್‌ಟಾಪ್ ಬದಿಗೆ ಸರಸಾಕ ಹೋಗಿ ತಳಕ್ಕ ಕೈ ಇಟ್ಟೆ. ಹಂಚು! ರೊಟ್ಟಿ ಬೇಯಿಸಬಹುದು ಅಷ್ಟು ಸುಡಾಕತ್ತಿತ್ತು. ಅದರ ತಳದಾಗ ಗಾಳಿ ಎಳಕೊಳ್ಳೂ ಕಿಂಡಿ ಇರ್ತಾವ. ಮೆತ್ತನ್ನ ಕೌದಿಯೊಳಗ ಅದು ಹುಗದು ಕೂತಿತ್ತು, ಕಿಂಡಿ ಮುಚ್ಚಿದ್ದು. ಒಳಗಿನ ಪ್ರೊಸೆಸರ್ ಸುಡಾಕತ್ತಿದ್ರ ತಾನಽ ವೇಗ ಇಳಸಿಕೊಳ್ತೈತಂತ, ಸುಟ್ಟು ಹೋಗಬಾರದು ಅಂತ. ಬಿಸಲಾಗ ಎತ್ತು ನಿಂತುಬಿಡೂದಿಲ್ಲೇನು, ಹಂಗ. ಬಾರಕೋಲು ಬೀಸಿದ್ರ ಏಳೂದಿಲ್ಲ, ನೆರಳಿಗೆ ಹೊಡಕೊಂಡು ಹೋಗಬೇಕು.

ಅಡಗಿ ಮನಿಯಿಂದ ಕೂಡೂ ಮಣಿ ತಂದೆ. ಅದರ ಮ್ಯಾಲ ಎರಡು ಲಟ್ಟಣಗಿ ಅಡ್ಡಾ ಇಟ್ಟು, ಉರಳದಂಗ ಬಟ್ಟಿ ಒತ್ತಿ, ಅದರ ಮ್ಯಾಲ ಲ್ಯಾಪ್‌ಟಾಪ್ ಇಟ್ಟೆವು. ಕೆಳಗ ಗಾಳಿ ಆಡಾಕತ್ತು. ಹಳೇ ಹಲ್ಲುಜ್ಜೂ ಬ್ರಶ್‌ನಿಂದ ಕಿಂಡ್ಯಾಗಿನ ಧೂಳಾ ತಗದೆ, ಯಂತ್ರ ಬಂದ್ ಮಾಡಿ. ಮತ್ತ ಹಚ್ಚಿ ಹತ್ತು ಮಿನಿಟು. ವಹಿಯೊಳಗ ಬರದಳು: 46.

17ರಿಂದ 46! ಹುಡುಗಿ ಮಾರಿ ನೋಡಬೇಕಿತ್ತು ನೀವು. ಆಮ್ಯಾಲ ಊಟಾ ಮಾಡಿದ್ಲು. ಅಷ್ಟೊತ್ತಿಗೆ ಲೈಟ್ ಹೋತು.

ಇಲ್ಲೊಂದು ಛಲೋ ಮಾತು ಹೇಳಬೇಕು. ಹಿಟ್ಟು ಸಾಣಿಸೂದು ಅರ್ಧಕ್ಕ ಬಿಟ್ರ ಕೆಳಗ ಬಿದ್ದ ಹಿಟ್ಟು ಎಲ್ಲಿಗೂ ಹೋಗೂದಿಲ್ಲ. ಹಂಗಽ ಈ ಕೆಲಸಾನೂ. ಆಕಿ ಹಚ್ಚಿದ್ದು ಯಾಫೂ ಅನ್ನೂ ಪುಕ್ಕಟ ಸಿಗೂ ಪ್ರೋಗ್ರಾಮು. ಅದು ಸಿಕ್ಕ ಕಾಳು ಫೈಲಿನ್ಯಾಗ ಬರದಿಟ್ಕೊಳ್ತೈತಿ. ಲೈಟ್ ಬಂದಮ್ಯಾಲ ಅಲ್ಲಿಂದಽ ಮುಂದ. ಆ ಫೈಲ್ ಅಳಸಬಾರದು ಅಷ್ಟ.

ಶನಿವಾರ ಮಧ್ಯಾಹ್ನ ಲೈಟ್ ಬಂತು. ಹಚ್ಚಿದ್ರ ಮತ್ತ 46ರಾಗಽ ನಿಂತಿತ್ತು, ಈಗ ತಳಾ ಅಷ್ಟೇನು ಸುಡ್ತಿರಲಿಲ್ಲ. ಹಂಗಾದ್ರ ಬ್ಯಾರೆ ಏನೋ ಐತಿ. ಮಗಳು ಹುಡಕಿದ್ಲು. ಬಸ್ಸಿನ್ಯಾಗ ಬ್ಯಾಟರಿ ಉಳೀಲಿ ಅಂತ ಕರೆಂಟ್ ಉಳಸೂ ಕಡೆ ಹಾಕಿದ್ದು ಹಂಗಽ ಉಳದಿತ್ತು. ವಾಯರ್ ಚುಚ್ಚಿದ್ರೂ ಯಂತ್ರ ಇನ್ನೂ ಬಸ್ಸಿನ್ಯಾಗಽ ಇದ್ದಂಗ ಕೈ ಬಿಗಿ ಹಿಡದು ನಡಸಾಕತ್ತಿತ್ತು. ಬದಲಿಸಿದ್ಲು. ವಹಿಯೊಳಗ: 68.

ಮೂರನೇದ್ದು ನಂಗ ಭಾಳ ತಿಳೀತು. "ಎಷ್ಟು ಮಂದಿ ಕೆಲಸಕ್ಕ ಹಚ್ಚಿದಿ?" ಅಂತ ಕೇಳಿದೆ, ಸುಮ್ನ ಚಾಷ್ಟಿಗೆ. ಆಕಿ ಖರೇನಽ "ಎಂಟು" ಅಂದ್ಲು. ಒಂದಽ ಪ್ರೋಗ್ರಾಮು ತನ್ನ ಕೆಲಸಾ ಹಂಚಿ ಎಂಟು ಎಳಿ ಮಾಡ್ಕೊಂಡಿತ್ತು, ಅದಕ್ಕ ಥ್ರೆಡ್ ಅಂತಾರ. ಆದ್ರ ಈ ಹಳೇ ಯಂತ್ರದಾಗ ಖರೇ ಕೋರ್ ಇರೂದು ಎರಡು, ಅವು ನಾಕು ಇದ್ದಂಗ ಕೆಲಸಾ ಮಾಡ್ತಾವ. ಎರಡು ಒಲಿ ಇರೂ ಅಡಗಿ ಮನ್ಯಾಗ ಎಂಟು ಹೆಂಗಸರು ನಿಂತ್ರ ಏನಾಗ್ತೈತಿ? ಮದಿವಿ ಮನ್ಯಾಗ ನೋಡಿಲ್ಲೇನು? ಒಬ್ಬಾಕಿ ಒಗ್ಗರಣಿ ಹಾಕೂದ್ರಾಗ ಇನ್ನೊಬ್ಬಾಕಿ ಸಾಸಿವಿ ಡಬ್ಬಿ ಎತ್ತಿ ಅಟ್ಟದ ಮ್ಯಾಲ ಇಡ್ತಾಳ. ಕಂಪ್ಯೂಟರಿನ್ಯಾಗೂ ಕೋರ್ ಬಾಜೂಕ ಒಂದು ಸಣ್ಣ ಒಗ್ಗರಣಿ ಡಬ್ಬಿ ಇರ್ತೈತಿ, ಅದಕ್ಕ ಕ್ಯಾಶ್ ಅಂತಾರ. ಎಲ್ಲಾಕ್ಕಿಂತ ಹತ್ತಿರಿಂದು ಸಾಮಾನ್ಯ 32 ಕಿಲೋಬೈಟಿಂದು, ಒಂದು ಮಸಾಲಿ ಚಮಚದಷ್ಟು. ಸಾಣಿಗಿ ಕೆಲಸಾ ಆ ಡಬ್ಬಿಯೊಳಗ ಹಿಡಿಸಿದ್ರ ಲಗೂ. ಭಾಳ ಮಂದಿ ಬಂದು ಒಬ್ಬರ ಸಾಮಾನು ಇನ್ನೊಬ್ಬರು ಹೊರಗ ಚಲ್ಲಿದ್ರ ಪ್ರತಿ ಸಲ ಅಟ್ಟಾ ಹತ್ತಿ ಇಳೀಬೇಕು. ಅದೂ ಸಾಲದಂತ ಬ್ರೌಸರಿನ್ಯಾಗ ಮೂವತ್ತು ಪುಟಾ ತಗದಿಟ್ಟಿದ್ಲು. ಮೆಮೊರಿ ತುಂಬಿ ಡಿಸ್ಕಿಗೆ ಇಳದಿತ್ತು. ಅದು ಅಟ್ಟಾ ಅಲ್ಲ, ಜಾಂಬೋಟಿಗೆ ಹೋಗಿ ಸಾಸಿವಿ ತಂದಂಗ.

ಎಂಟರಿಂದ ನಾಕಕ್ಕ ಇಳಿಸಿದ್ಲು: 81. ಬ್ರೌಸರ್ ಮುಚ್ಚಿದ್ಲು: 93.

ಮಂದಿ ಕಡಿಮಿ ಮಾಡಿದ್ರ ಕೆಲಸಾ ಲಗೂ ಆತು ಅಂತ ಅತ್ತಿಗೆ ಹೇಳಿದೆ. ಅವರು "ಅದಕ್ಕ ನಾ ಅಡಗಿಗೆ ಒಬ್ಬಾಕೀನಽ ಹೋಗ್ತಿದ್ದೆ" ಅಂದ್ರು. ಅವರ ಮಾತಿಗೆ ನನ್ನ ಕಡೆ ಉತ್ತರಾ ಇರಲಿಲ್ಲ.

ಕಡೀದ್ದು ಸಿಗಾಕ ಸಂಜಿ ಆತು. ಇದನ್ನ ಮಗಳಽ ಹಿಡದಳು, ನನ್ನಿಂದ ಆಗೂವಂಥಾದ್ದು ಅಲ್ಲ. ಆದ್ರ 1207ರ ಲೆಕ್ಕದಾಗಽ ಉತ್ತರಾ ಇತ್ತು. ನೋಡ್ರಿ, 35ರ ಹತ್ತಿರ ಹುಡಕಿದ್ರ ಉಳಕಿ 18 ಬಂತು. ಅದಽ ದೂರ 60ಕ್ಕ ಹೋದ್ರ? 3600ರಾಗ 1207 ತಗದ್ರ 2393. ದೂರ ಹೋದಂಗೆಲ್ಲಾ ಉಳಕಿ ದೊಡ್ಡದು. ದೊಡ್ಡದು ಆದಂಗೆಲ್ಲಾ ಅದು ಸಣ್ಣ ಅಂಕಿಯೊಳಗ ಒಡಿಯೂದು ಅಪರೂಪ. ಅಂದ್ರ ಹಳ್ಳು ಭಾಳ, ಕಾಳು ಕಡಿಮಿ. ಅದಕ್ಕ ಈ ಪ್ರೋಗ್ರಾಮು ಒಂದಽ ಹೊಲದಾಗ ದೂರ ದೂರ ಹೋಗೂದಿಲ್ಲ. ಸ್ವಲ್ಪ ಹುಡುಕಿ, ಬಿಟ್ಟು, ಹೊಸಾ ಸೂತ್ರ ಹಚ್ಚಿ ಹೊಸಾ ಹೊಲದ ದಂಡಿಯಿಂದ ಶುರು ಮಾಡ್ತೈತಿ. ಎಷ್ಟು ದೂರ ಹೋಗಬೇಕು ಅನ್ನೂದನ್ನ ಅದು ತಾನಽ ಅಂಕಿ ನೋಡಿ ಆರಿಸ್ಕೊಳ್ತೈತಿ. ನಮ್ಮಾಕಿ ಮಾತ್ರ, ಸಾಣಿಗಿ ದೊಡ್ಡದಾದ್ರ ಹಿಟ್ಟು ಭಾಳ ಬೀಳ್ತೈತಿ ಅಂತ ತಿಳಕೊಂಡು, ಆ ಹದ್ದು ಮೂರು ಪಟ್ಟು ದೂರ ಇಟ್ಟಿದ್ಲು. ಶುಕ್ರವಾರ ಅಂಜಿಕ್ಯಾಗ ಕೈ ಹಾಕಿದ ಐದಾರು ಕಡಿಯೊಳಗ ಅದೂ ಒಂದು.

ಅದನ್ನ ತಗದು ಪ್ರೋಗ್ರಾಮಿಗಽ ಬಿಟ್ಲು. ವಹಿಯೊಳಗ: 112.

ಹಾಸ್ಟೆಲ್‌ಕ್ಕಿಂತ ಎರಡು ಹೆಚ್ಚು! ಲಟ್ಟಣಗಿ ಮಹಿಮಾ ಅಂತ ನಾ ಅಂದೆ.

ಇನ್ನೊಂದು ಕಡೆನೂ ಕೈ ಹಾಕಾಕ ಹೊಂಟಿದ್ಲು, ಆದ್ರ ತಾನಽ ನಿಂತಳು. ಯಾವ ಯಾವ ಸಣ್ಣ ಅವಿಭಾಜ್ಯ ಹಚ್ಚಿ ಸಾಣಿಸಬೇಕು ಅನ್ನೂ ಪಟ್ಟಿ ಇರ್ತೈತಿ. ಅದನ್ನ ನಡಬರಕ ಬದಲಿ ಮಾಡಿದ್ರ ಮೊದಲು ಜಮಾ ಆದ ಕಾಳು ಹೊಸಾ ಲೆಕ್ಕಕ್ಕ ಕೂಡೂದಿಲ್ಲ. ಸ್ವೆಟರ್ ಅರ್ಧಾ ಹೆಣದಮ್ಯಾಲ ಸೂಜಿ ಬದಲಿ ಮಾಡಿದಂಗ. ಹಂಗಾಗಿ ಅದನ್ನ ಮುಟ್ಟಲಿಲ್ಲ. ಏನು ಮುಟ್ಟಬಾರದು ಅಂತ ತಿಳಿಯೂದೂ ದುರಸ್ತಿಯೊಳಗಿನ ಅರ್ಧಾ ಕೆಲಸಾ.

ಶನಿವಾರ ರಾತ್ರಿ ಎರಡೂವರಿ ತಾಸು ನಡೀತು, ಮತ್ತ ಲೈಟ್ ಹೋತು. ಪರದೆ ಮ್ಯಾಲಿನ ಕಡೀ ಅಂಕಿ ನೋಡಿ ಮಗಳು ಮತ್ತ ಸಪ್ಪಗಾದ್ಲು. ಅರ್ಧಾ ಹೊತ್ತು ಆಗೈತಿ ಅಂತ ಲೆಕ್ಕಾ, ಆದ್ರ ಬೇಕಾದ್ದರಾಗ ಕಾಲು ಭಾಗನೂ ತುಂಬಿರಲಿಲ್ಲ. "ಮತ್ತ ಏನೋ ತಪ್ಪೈತಿ" ಅಂತ ಕೂತಳು. ನಾನೂ ಅಂಜಿದೆ. ಚಿಮಣಿ ಹಚ್ಚಿ ಇಬ್ಬರೂ ಸುಮ್ನ ಕೂತಿದ್ವಿ.

ಆಕೀನಽ ನೆನಪು ಮಾಡಿಕೊಂಡು ಹೇಳಿದ್ಲು. ಕಾಳು ಎರಡು ನಮೂನಿ ಇರ್ತಾವ. ಒಂದು ಪೂರಾ ಶುದ್ಧ, 18 ಇದ್ದಂಗ. ಇನ್ನೊಂದರಾಗ ಎಲ್ಲಾ ಸಣ್ಣ ಅಂಕಿ ಇದ್ದು ಒಂದಽ ಒಂದು ದೊಡ್ಡ ಹಳ್ಳು ಸಿಕ್ಕೊಂಡಿರ್ತೈತಿ. ಅದನ್ನ ಚಲ್ಲೂದಿಲ್ಲ, ಬ್ಯಾರೆ ಡಬ್ಬ್ಯಾಗ ಇಡ್ತಾರ. ಅಂಥಾದ್ದಽ ಹಳ್ಳು ಇರೂ ಇನ್ನೊಂದು ಕಾಳು ಸಿಕ್ರ, ಎರಡೂ ಜೋಡಿ ಆಗಿ ಒಂದು ಶುದ್ಧ ಕಾಳಿನ ಕೆಲಸಾ ಮಾಡ್ತಾವ, ಯಾಕಂದ್ರ ಹಳ್ಳು ಹಳ್ಳಿಗೆ ಗುಣಿಸಿ ವರ್ಗ ಆತಲ್ಲ.

ಆಗ ನಂಗ ಕಾಟಿನ ಮ್ಯಾಲಿನ ಕೌದಿ ಕಂಡ್ತು. ಅತ್ತಿ ಅದನ್ನ ಹೊಲಿಯೂ ಮುಂದ ಹಳೇ ಸೀರಿ ತುಣುಕು ಕೂಡಿಹಾಕ್ತಿದ್ರು, ನಾ ಹೊಸದಾಗಿ ಬಂದಿದ್ದೆ. ಮೊದಲ ಆರು ತಿಂಗಳು ಒಂದು ತುಣುಕಿಗೂ ಜೋಡಿ ಸಿಗಲಿಲ್ಲ, ಒಂದು ಹಸರು, ಒಂದು ಕೆಂಪು, ಒಂದು ಹೂವಿಂದು. ಗಂಟು ಮಾತ್ರ ದೊಡ್ಡದಾಗಕೋತ ಹೋತು. ಆದ್ರ ಗಂಟು ದೊಡ್ಡದಾದಮ್ಯಾಲ, ಹೊಸಾ ತುಣುಕು ಯಾವುದು ತಂದ್ರೂ ಅದಕ್ಕೊಂದು ಜೋಡಿ ಗಂಟಿನ್ಯಾಗ ಇದ್ದಽ ಇರ್ತಿತ್ತು. ಕಡೀ ತಿಂಗಳದಾಗ ಕೌದಿ ಓಡಿತು.

"ನಿನ್ನ ಡಬ್ಬ್ಯಾಗ ಹಳ್ಳಿನ ಕಾಳು ಎಷ್ಟದಾವ?" ಅಂದೆ. ಲಕ್ಷಗಟ್ಟಲೆ ಅದಾವ ಅಂದ್ಲು. "ಹಂಗಾದ್ರ ತಪ್ಪಿಲ್ಲ. ಗಂಟು ತುಂಬಾಕತ್ತೈತಿ. ಮಲಕೋ."

ಅದಽ ಖರೇ ಆತು. ರವಿವಾರ ಮಧ್ಯಾಹ್ನ ಲೈಟ್ ಬಂತು. ಮೊದಲ ಒಂದು ತಾಸು ಸಾವಕಾಶಽ. ಆಮ್ಯಾಲ ಜೋಡಿಗೋಳು ಕೂಡಾಕತ್ತಿದ್ದು ನೋಡ್ರಿ, ಮಲಪ್ರಭಾಗೆ ಮಹಾಪೂರ ಬಂದಂಗ. ಪಕ್ಕದ ಮನಿ ಕಾಕು ಭಜಿ ಮಾಡಿ ತಂದಿದ್ರು, ಅವರೂ ಕೂತು ನೋಡಿದ್ರು. ಸಂಜಿ ಆರಕ್ಕ ಸಾಣಿಗಿ ನಿಂತಿತು. ಅದಾದಮ್ಯಾಲ ಯಾವ ಯಾವ ಕಾಳು ಕೂಡಿಸಿದ್ರ ಎಲ್ಲಾ ಜೋಡಿ ಜೋಡಿ ಆಗ್ತಾವ ಅಂತ ಒಂದು ದೊಡ್ಡ ಪಟ್ಟಿ ಹಾಕಿ ಹುಡುಕಬೇಕು. ಅದಕ್ಕ ಕೆಲವಽ ಮಿನಿಟು ಹತ್ತಿದ್ದು. ಆಮ್ಯಾಲ ಪರದೆ ಮ್ಯಾಲ ಎರಡು ಸಾಲು. ಒಂದೊಂದು ಸಾಲಿನ್ಯಾಗ ಐವತ್ತು ಅಂಕಿ.

ಹುಡುಗಿ ಕುಣದಳು. ನಾ ಕುಣೀಲಿಲ್ಲ, "ತಾಳೆ ನೋಡಬೇಕಲ್ಲ" ಅಂದೆ. ಯಂತ್ರ ಗುಣಿಸಿ ಸರಿ ಅಂದಿತ್ತು, ಆದ್ರೂ ನಂಗ ನನ್ನ ಕೈಲೆ ನೋಡಬೇಕಿತ್ತು. ನಮ್ಮ ಸಾಲ್ಯಾಗ ಒಂಬತ್ತರ ತಾಳೆ ಅಂತ ಕಲಿಸಿದ್ರು, ಮರ್ತಿದ್ದಿಲ್ಲ. ಅಂಕಿ ಅಂಕಿ ಕೂಡಿಸಿ ಒಂದಂಕಿಗೆ ತರೂದು. 17 ಅಂದ್ರ 8. 71 ಅಂದ್ರ 8. ಎಂಟೆಂಟ್ಲೆ 64, ಅದು 10, ಅದು 1. ಆ ಕಡೆ 1207 ಕೂಡಿಸಿದ್ರ 10, ಅದು 1. ಕೂಡ್ತು. ಇದರಿಂದ ಪೂರಾ ಸರಿ ಅಂತ ಹೇಳಾಕ ಬರೂದಿಲ್ಲ, ಆದ್ರ ತಪ್ಪಿದ್ರ ಭಾಳ ಸಲ ಸಿಕ್ಕೊಳ್ತೈತಿ. ಐವತ್ತು ಅಂಕಿ ಕೂಡಿಸಿದೆ, ಇನ್ನೊಂದು ಐವತ್ತು ಕೂಡಿಸಿದೆ, ಸರ್ ಕೊಟ್ಟ ನೂರು ಅಂಕಿ ಕೂಡಿಸಿದೆ. 5, 7, ಆ ಕಡೆ 8. ಐದೇಳ್ಲೆ 35, ಅದು 8. ಕೂಡ್ತು! ನನ್ನ ಕೈ ನಡಗಾಕತ್ತಿದ್ದು ಮಗಳಿಗೆ ಕಾಣಿಸಿರಬೇಕು, ಆಕಿ ಏನೂ ಅನ್ನಲಿಲ್ಲ.

ಅತ್ತಿ ಅಷ್ಟೊತ್ತಿಗೆ "ಎರಡು ದಿನಾ ಆತು, ಅಡಗಿ ಮನ್ಯಾಗ ಗಣಿತಾನಽ ಬೇಯಾಕತ್ತೈತಿ" ಅಂದ್ರು. ಅದಕ್ಕ ಮೊಮ್ಮಗಳು ಒಂದು ಮಾತು ಹೇಳಿದ್ಲು, ನಂಗೂ ಹೊಸಾದು. ಸಾವಿರ ವರ್ಷದ ಮ್ಯಾಲ ಆತು, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಆಳೂ ಮುಂದ, ಮಹಾವೀರಾಚಾರ್ಯ ಅನ್ನೂ ಜೈನ ಪಂಡಿತರು 'ಗಣಿತಸಾರಸಂಗ್ರಹ' ಅಂತ ಪುಸ್ತಕಾ ಬರದ್ರು. ಅದರ ಶುರುವಾತಿಗೆ ಗಣಿತ ಎಲ್ಲೆಲ್ಲಿ ಕೆಲಸಕ್ಕ ಬರ್ತೈತಿ ಅಂತ ಪಟ್ಟಿ ಕೊಟ್ಟಾರ. ಆ ಪಟ್ಟಿಯೊಳಗ ಸಂಗೀತ, ವೈದ್ಯ, ಮನಿ ಕಟ್ಟೂದರ ಜೋಡಿ ಅಡಗಿನೂ ಐತಂತ! ಅದಽ ಪುಸ್ತಕದಾಗ ಮಾಲಿ ಪೋಣಿಸಿದಂಗ ಉತ್ತರಾ ಬರೂ ಗುಣಾಕಾರನೂ ಅದಾವ. 27994681ಕ್ಕ 441 ಗುಣಸ್ರಿ, 12345654321 ಬರ್ತೈತಿ, ಹಿಂದಿಂದ ಓದಿದ್ರೂ ಅದಽ. ನಾ ವಹಿಯೊಳಗ ಮಾಡಿ ನೋಡೇನಿ. ಅತ್ತಿ ಇದನ್ನ ಕೇಳಿ, "ಹಂಗಾದ್ರ ನಿಮ್ಮಿಬ್ಬರದು ತಪ್ಪಲ್ಲ ಬಿಡು" ಅಂದ್ರು.

ಸೋಮವಾರ ಮೊದಲ ಬಸ್ಸಿಗೆ ಮಗಳು ಹೋದಳು. ಹೋಗೂ ಮುಂದ ನನ್ನ ಹಾಲಿನ ವಹಿ ಕೇಳಿ ತೊಗೊಂಡು ಹೋದಳು. ಸಂಜಿಮುಂದ ಫೋನ್ ಬಂತು. ಉತ್ತರಾ ಎಲ್ಲಾರದೂ ಬಂದಿತ್ತಂತ. ಸರ್ ಆಕಿಗೆ ಕೇಳಿದ್ದು, "ನಿಂದು ಯಾಕ ಇಷ್ಟು ತಡ ಆತು?" ಅಂತ. ಆಕಿ ವಹಿ ತಗದು ಇಟ್ಟಾಳ: 17, ಕೌದಿ ತಗದ್ವಿ, 46, ಕರೆಂಟ್ ಬದಲಿ, 68, ಎಂಟರಿಂದ ನಾಕು, 81, ಬ್ರೌಸರ್, 93, ಹದ್ದು ಹತ್ತಿರ, 112. ನಡುವ ನಡುವ ಅರ್ಧಾ ಲೀಟರ್, ಒಂದು ಲೀಟರ್ ಅಂತ ಹಾಲಿನ ಲೆಕ್ಕ. ಸರ್ ಪೂರಾ ಓದಿ, ಇದನ್ನ ಹಂಗಽ ಬರದು ವರದಿಗೆ ಸೇರಿಸು ಅಂದ್ರಂತ. ಬ್ಯಾರೆ ಯಾರ ಕಡೆನೂ ಯಾಕ ಲಗೂ ಆತು, ಯಾಕ ತಡ ಆತು ಅಂತ ಲೆಕ್ಕ ಇರಲಿಲ್ಲ.

"ಈ ವಿಷಯ ಬಿಡ್ತೀಯೇನು?" ಅಂತ ಕೇಳಿದೆ. "ಯಾವುದು ಬಿಡೂದು?" ಅಂದ್ಲು, ಮರತಽ ಬಿಟ್ಟಿದ್ಲು. ಇವರ ಅಣ್ಣಗ ಆ ವಾರ ನಾನಽ ಫೋನ್ ಮಾಡಿ ಮದಿವಿ ಮಾತು ಇನ್ನ ಎರಡು ವರ್ಷ ಬ್ಯಾಡ ಅಂತ ಹೇಳಿಬಿಟ್ಟೆ. ಇಷ್ಟು ದಿನಾ ಮುಂದ ಹಾಕ್ತಿದ್ದೆ, ಅವತ್ತು ನೆಟ್ಟಗ ಹೇಳಿದೆ.

ವೈನಿ, ಈಗ ನಿಮ್ಮ ಹಿಟ್ಟಿಗೆ ಬರ್ತೇನಿ. ಸಾಣಿಗಿ ಹೊಸಾದು, ಹಿಟ್ಟು ಇಳೀವಲ್ದು ಅಂದ್ರ ಸಾಣಿಗಿಗೆ ಬೈಯಬ್ಯಾಡ್ರಿ, ನಿಮ್ಮ ಕೈಗೂ ಬೈಯಬ್ಯಾಡ್ರಿ. ಹಿಟ್ಟು ಒದ್ದಿ ಹಿಡದೈತೇನು ಮುಟ್ಟಿ ನೋಡ್ರಿ. ಒಂದಽ ಸಲಕ್ಕ ಭಾಳ ಸುರಿಯಾಕತ್ತೀರೇನು ನೋಡ್ರಿ. ಬಿಸಿ ಹಿಟ್ಟು ಗಿರಣಿಯಿಂದ ತಂದು ಹಂಗಽ ಡಬ್ಬಿ ಮುಚ್ಚಿದ್ರೇನು ನೆನಪು ಮಾಡಿಕೊಳ್ರಿ. ಒಮ್ಮಿಗೆ ಒಂದಽ ಬದಲಿ ಮಾಡಿ, ಏನಾತಂತ ನಂಗ ಫೋನ್ ಮಾಡ್ರಿ. ಮತ್ತ ನಿಮ್ಮ ಮನ್ಯಾಗ ಹುಡುಗರು ಲ್ಯಾಪ್‌ಟಾಪ್ ಗಾದಿ ಮ್ಯಾಲ, ಕೌದಿ ಮ್ಯಾಲ ಇಟ್ಕೊಂಡು ಕೂತಿದ್ರ, ಇವತ್ತಽ ಎಬ್ಬಿಸಿ ಒಂದು ಮಣಿ ಕೊಡ್ರಿ. ನನ್ನ ಎರಡು ಲಟ್ಟಣಗಿಯೊಳಗ ಒಂದು ಇನ್ನೂ ಬೆಳಗಾವಿ ಹಾಸ್ಟೆಲ್‌ನ್ಯಾಗಽ ಐತಿ.